ಮೂವತ್ತೆಂಟಣ್ಣನ ಭುಜ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಮೂವತ್ತೆಂಟಣ್ಣ ಎಂದು. ಕೆಲಸ ಇಸ್ತ್ರಿ ಹಾಕುವುದು. ಆದರೆ ಎದೆಯ ಸುತ್ತಳತೆ ಸರಿಯಾಗಿ ಮೂವತ್ತೆಂಟು ಇಂಚು, ಎತ್ತರ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಹೊಟ್ಟೆ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ಅವನಿಗೆ ಸರಿಹೋದದ್ದು ಊರಿನ ಮುಕ್ಕಾಲು ಪಾಲು ಗಂಡಸರಿಗೂ ಸರಿಹೋಗುತ್ತದೆಂದು ಕತ್ತರಿ ಮಾಸ್ಟರ್ ಮೊದಲ ವಾರವೇ ಕಂಡುಕೊಂಡರು. ಅಂದಿನಿಂದ ಇಪ್ಪತ್ತೆರಡು ವರ್ಷ, ಪ್ರತಿ ಹೊಸ ಮಾದರಿ ಅಂಗಿಯನ್ನೂ ಮೊದಲು ತೊಟ್ಟವನು ಅವನೇ. ಬೀದಿಯಲ್ಲಿ ಯಾರ ಮೈಮೇಲಾದರೂ ಆ ಅಂಗಿ ಕಂಡರೆ ಮನೆಗೆ ಬಂದು ಹೆಂಡತಿಗೆ ಹೇಳುವನು.

"ಇವತ್ತು ನನ್ನ ಹಾಗೇ ಮೂರು ಜನ ಸಿಕ್ಕಿದ್ರು ಕಣೆ."

"ಒಬ್ಬರನ್ನ ಸುಧಾರಿಸೋದ್ರಲ್ಲೇ ನನಗೆ ಸಾಕಾಗಿದೆ," ಎನ್ನುವಳು ಅವಳು.

ಈ ಸಲದ ಮಾದರಿ ಅಂಗಿಯಲ್ಲಿ ಬಲ ಭುಜದ ಕೆಳಗೆ ನೆರಿಗೆ ಬಿತ್ತು. ಮಾಸ್ಟರ್ ತಮ್ಮದೇ ತಪ್ಪೆಂದುಕೊಂಡು ಅಲ್ಲಿ ಬಟ್ಟೆ ಹಿಡಿದು ಗುಂಡುಸೂಜಿ ಚುಚ್ಚಿದರು, ಬಟ್ಟೆ ಕತ್ತರಿಸಲು ಇಟ್ಟುಕೊಂಡಿದ್ದ ರಟ್ಟಿನ ಅಚ್ಚನ್ನೂ ಅದರಂತೆ ತಿದ್ದಿದರು. ತಿದ್ದಿ ಹೊಲಿದ ಅಂಗಿ ಮರುದಿನ ಬಂತು. ತೊಟ್ಟರೆ ತೊಟ್ಟದ್ದೇ ಗೊತ್ತಾಗಲಿಲ್ಲ, ಅಷ್ಟು ಹಿತವಾಗಿತ್ತು. ಕಳಚಿ ಇಸ್ತ್ರಿಗೆಂದು ಮೇಜಿನ ಮೇಲೆ ಹರಡಿದಾಗ ಅವನ ಕೈ ನಿಂತಿತು. ಬಲ ಭುಜ ಎಡಕ್ಕಿಂತ ಅರ್ಧ ಇಂಚು ಕೆಳಗಿತ್ತು. ಇಪ್ಪತ್ತೆರಡು ವರ್ಷ ಆ ಭಾರದ ಇಸ್ತ್ರಿಪೆಟ್ಟಿಗೆ ಹಿಡಿದದ್ದು ಬಲಗೈಯಲ್ಲೇ. ಸೊಟ್ಟಗಾದದ್ದು ಬಟ್ಟೆಯಲ್ಲ.

ಅತ್ತ ಉದ್ದ ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿಯಾಗಿತ್ತು. ಹೇಳಿದರೆ ಇನ್ನು ಅವನು ಮೂವತ್ತೆಂಟಣ್ಣನಲ್ಲ, ಬರೀ ಇಸ್ತ್ರಿಯವನು. ಹೇಳದಿದ್ದರೆ ಎಂಬತ್ತು ಜನ ಕನ್ನಡಿ ಮುಂದೆ ನಿಂತು ತಮ್ಮ ಮೈಯೇ ಸೊಟ್ಟಗಿದೆಯೆಂದುಕೊಳ್ಳುತ್ತಾರೆ. ಮಾಸ್ಟರ್ ಕತ್ತರಿಸುವ ಯಂತ್ರದ ಗುಂಡಿಗೆ ಕೈ ಹಾಕಿದ್ದರು.

"ಮಾಸ್ಟರೇ, ಸ್ವಲ್ಪ ತಡೀರಿ. ಅಂಗಿ ಸರಿಯಿಲ್ಲ."

"ನಿನಗೆ ಎರಕ ಹೊಯ್ದ ಹಾಗೆ ಕೂತಿತ್ತಲ್ಲಯ್ಯ?"

"ಅದಕ್ಕೇ ಸರಿಯಿಲ್ಲ ಅಂದದ್ದು. ನನ್ನ ಭುಜ ಇಳಿದಿದೆ."

ಮಾಸ್ಟರ್ ಟೇಪು ಹಿಡಿದು ಅಳೆದರು, ಮತ್ತೊಮ್ಮೆ ಅಳೆದರು. ಗುಂಡಿ ಹಚ್ಚುವ ಅಕ್ಕ ತಲೆ ಎತ್ತಿದಳು. "ಅಣ್ಣಂಗೇ ವಯಸ್ಸಾಯ್ತು ಅಂದ್ರೆ ಊರಿಗೆಲ್ಲ ಆಯ್ತು ಅಂತಲೇ."

"ದಿನಾ ನೋಡ್ತಿದ್ದೆ. ನನ್ನ ಕಣ್ಣಿಗೇ ಬೀಳಲಿಲ್ಲ," ಎಂದರು ಮಾಸ್ಟರ್ ಮೆಲ್ಲಗೆ. ಅಚ್ಚನ್ನು ಮೊದಲಿನಂತೆ ತಿದ್ದಿದರು. ಸೊಟ್ಟ ಅಂಗಿಯನ್ನು ಮಡಚಿ ಅವನ ಕೈಗಿಟ್ಟರು.

ಮುಂದಿನ ತಿಂಗಳು ಅಳತೆಗೆ ನಿಂತವನು ಕಾರ್ಖಾನೆಯ ಗಾಡಿ ಓಡಿಸುವವನು. ಅವನ ಎದೆಯೂ ಮೂವತ್ತೆಂಟೇ. ಎಲ್ಲರೂ ನೋಡುತ್ತಿದ್ದಾರೆಂದು ಅವನು ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದು ಕಂಬದ ಹಾಗೆ ನಿಂತಿದ್ದ. ಮಾಸ್ಟರ್ ಗುಂಡುಸೂಜಿ ಕೈಗೆತ್ತಿಕೊಂಡರು.

ಇಸ್ತ್ರಿ ಮೇಜಿನ ಹಿಂದೆ ಮೂವತ್ತೆಂಟಣ್ಣ ಇದ್ದ. ಸೊಟ್ಟ ಅಂಗಿ ಅವನ ಮೈಮೇಲೆ ನೆಟ್ಟಗೆ ಕೂತಿತ್ತು. ಗಾಡಿಯವನನ್ನು ನೋಡಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ.

"ಉಸಿರು ಬಿಡಪ್ಪ," ಎಂದ. "ಅಂಗಿ ತಗೊಳ್ಳೋ ಜನ ಅದನ್ನ ಹಾಕ್ಕೊಂಡು ಉಸಿರಾಡಬೇಕು."

ಮಾಸ್ಟರ್ ಗುಂಡುಸೂಜಿಯನ್ನು ಹಾಗೇ ಹಿಡಿದುಕೊಂಡು ಕಾದರು. ಗಾಡಿಯವನು ಉಸಿರು ಬಿಟ್ಟ.