ಬಾಗಿಲಣ್ಣನ ಕಿಟಕಿಗೆ ಬಂದ ಮೋಡ

ನನ್ನ ಗುರುತಿನ ಚೀಟಿಯಲ್ಲಿ ‘ಸಂಸ್ಕೃತಿ ಸಂಯೋಜಕ’ ಎಂದು ಅಚ್ಚಾಗಿದೆ. ಅದನ್ನು ಕೊರಳಿಗೆ ಹಾಕಿಕೊಂಡಾಗ ನನಗೇ ನನ್ನ ಮೇಲೆ ಒಂದು ಕ್ಷಣ ಗೌರವ ಬರುತ್ತದೆ. ಆಮೇಲೆ ಕೆಲಸ ಶುರುವಾಗುತ್ತದೆ. ವ್ಯಾನಿನಲ್ಲಿ ತಲೆ ಎಣಿಸುವುದು, ನೀರಿನ ಬಾಟಲಿ ಹಂಚುವುದು, ಕಿಟಕಿ ಪಕ್ಕದ ಸೀಟಿಗಾಗಿ ಮುನಿಸಿಕೊಂಡ ಹಿರಿಯರನ್ನು ರಾಜಿ ಮಾಡಿಸುವುದು, ತಲೆಯ ಮೇಲೇ ಇರುವ ಕನ್ನಡಕವನ್ನು ಹುಡುಕಿಕೊಡುವುದು. ಸಂಸ್ಕೃತಿ ಎಲ್ಲಪ್ಪಾ ಎಂದು ಯಾರಾದರೂ ಕೇಳಿದರೆ ಎಡಗಡೆ ಕೈ ತೋರಿಸುತ್ತೇನೆ. ಎಡಗಡೆ ಏನಾದರೂ ಇದ್ದೇ ಇರುತ್ತದೆ.

ನಮ್ಮದು ಮಗ್ಗಗಳಿರುವ ದಕ್ಷಿಣದ ಊರುಗಳಿಗೆ ಚಿಕ್ಕ ಚಿಕ್ಕ ಗುಂಪುಗಳನ್ನು ಕರೆದೊಯ್ಯುವ ಕಂಪನಿ. ‘ಚಿಕ್ಕ ಗುಂಪು, ಆಳವಾದ ಅನುಭವ’ ಎನ್ನುವುದು ಆಫೀಸಿನ ಮೇಡಂ ಮಾತು. ವ್ಯಾನು ಚಿಕ್ಕದು ಎನ್ನುವುದು ನಿಜವಾದ ಕಾರಣ. ಮೊದಲು ನೂಲಿಗೆ ಬಣ್ಣ ಹಾಕುವವರ ಅಂಗಳ, ಆಮೇಲೆ ಬಟ್ಟೆಗೆ ಅಚ್ಚು ಒತ್ತುವವರ ಷೆಡ್ಡು, ಕೊನೆಗೆ ನೇಯುವವರ ಮನೆ. ಆ ಕೊನೆಯ ಮನೆ ಬಾಗಿಲಣ್ಣನದು. ಅವನ ವಿಷಯ ಹೇಳಬೇಕೆಂದೇ ಕೂತೆ. ಇಷ್ಟು ಹೊತ್ತು ನನ್ನ ವಿಷಯ ಹೇಳಿದ್ದು ಬರೀ ಚಟಕ್ಕೆ.

ಬಾಗಿಲಣ್ಣ ಎಂದು ಹೆಸರಿಟ್ಟವರು ಬೀದಿಯವರು. ಬಾಗಿಲು ಹಾಕಿ ಚಿಲಕ ಜಡಿಯದೆ ಅವನು ಮಗ್ಗದ ಲಾಳಿ ಮುಟ್ಟುವುದಿಲ್ಲ. ಯಾರಾದರೂ ನೋಡುತ್ತಿದ್ದಾರೆ ಎಂದು ಅನ್ನಿಸಿದರೆ ಸಾಕು, ಅವನ ಕೈ ನಿಂತುಬಿಡುತ್ತದೆ. ನಡುಗುವುದಿಲ್ಲ, ತಪ್ಪುವುದಿಲ್ಲ. ಕರೆಂಟು ಹೋದ ಫ್ಯಾನಿನ ಹಾಗೆ ಮೆಲ್ಲಗೆ ನಿಲ್ಲುತ್ತದೆ. ನೋಡುವವರು ಮನುಷ್ಯರೇ ಆಗಬೇಕೆಂದೂ ಇಲ್ಲ. ಬೆಕ್ಕನ್ನು ಎತ್ತಿ ಹೊರಗಿಟ್ಟು ಬರುತ್ತಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೋಪಿನ ಜಾಹೀರಾತಿನ ಮಗುವೊಂದು ನಗುತ್ತಿತ್ತು. ಅದನ್ನೂ ಗೋಡೆಗೆ ಮುಖ ಮಾಡಿ ನೇತುಹಾಕಿದ್ದಾನೆ. ತಾರೀಖು ಬೇಕಾದಾಗ ಅವನ ಹೆಂಡತಿ ಪಕ್ಕದ ಮನೆಗೆ ಹೋಗಿ ಕೇಳಿಕೊಂಡು ಬರುತ್ತಾಳೆ.

ಆಕೆಯನ್ನು ನಾನು ಅತ್ತಿಗೆ ಎನ್ನುತ್ತೇನೆ. “ಮದುವೆಯಾಗಿ ಇಷ್ಟು ವರ್ಷ ಆಯ್ತು ನೋಡು,” ಎಂದು ಅತ್ತಿಗೆ ಬಂದವರಿಗೆಲ್ಲ ಹೇಳುತ್ತಾಳೆ, “ನಿಮ್ಮಣ್ಣ ನೇಯ್ತಾರೆ ಅನ್ನೋದು ನಂಗೆ ಬರೀ ಕೇಳಿ ಗೊತ್ತು.” ಅವಳು ನೂಲು ಸುತ್ತುತ್ತಾಳೆ, ಹರಿದ ಎಳೆಗೆ ಕಣ್ಣು ಮುಚ್ಚಿಕೊಂಡೇ ಗಂಟು ಹಾಕುತ್ತಾಳೆ. ನೇಯಲು ಬರುವುದಿಲ್ಲ. ಕಲಿಸಬೇಕಾದ ಗಂಡ ಅವಳೆದುರು ನೇಯ್ದು ತೋರಿಸಬೇಕಲ್ಲ, ಅದು ಆಗಲಿಲ್ಲ.

ಈ ಕಾಯಿಲೆ ಹುಟ್ಟಿನಿಂದ ಬಂದದ್ದಲ್ಲ. ಹುಡುಗನಾಗಿದ್ದಾಗ ಅಪ್ಪನ ಪಕ್ಕ ಕೂತು ಬೀದಿಯೆಲ್ಲ ನೋಡುವಂತೆ ನೇಯುತ್ತಿದ್ದನಂತೆ. ಮೀಸೆ ಮೂಡುವ ಕಾಲಕ್ಕೆ ನೇಕಾರರ ಸಂಘದವರು ಒಂದು ಸ್ಪರ್ಧೆ ಇಟ್ಟರು. ವೇದಿಕೆಯ ಮೇಲೆ ಮಗ್ಗ, ಅದರ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡ ಅಧ್ಯಕ್ಷರು, ಅಧ್ಯಕ್ಷರ ಕೈಯಲ್ಲಿ ಕಾಫಿ. ನಮ್ಮವನಿಗೆ ಹುರುಪು ಬಂದು ಲಾಳಿ ಓಡಿಸುವ ಹಗ್ಗವನ್ನು ಹೆಚ್ಚೇ ಜಗ್ಗಿದ. ಲಾಳಿ ದಾರಿ ತಪ್ಪಿ ಹಕ್ಕಿಯ ಹಾಗೆ ಹಾರಿ ನೇರ ಲೋಟಕ್ಕೆ ಬಡಿಯಿತು. ಅಧ್ಯಕ್ಷರ ಬಿಳಿ ಅಂಗಿಯ ಮೇಲೆ ಕಾಫಿ ಹರಡುತ್ತಿದ್ದಾಗ ಸಭೆಯಿಂದ ಯಾರೋ ಕೂಗಿದರಂತೆ: “ಬಣ್ಣ ಗಟ್ಟಿ, ಒಗೆದ್ರೂ ಹೋಗಲ್ಲ!” ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಾಗಿಲಣ್ಣ ಮನೆಗೆ ಬಂದು ಬಾಗಿಲು ಹಾಕಿಕೊಂಡವನು ಇವತ್ತಿಗೂ ತೆಗೆದಿಲ್ಲ.

ಬಾಗಿಲ ಹಿಂದೆ ಮಾತ್ರ ಅವನಷ್ಟು ನಿರಾಳವಾಗಿ ಇರುವವರು ಇನ್ನೊಬ್ಬರಿಲ್ಲ. ಅವನು ನೇಯುವ ಶಾಲಿನ ಅಂಚಿನಲ್ಲಿ ಬಾತುಕೋಳಿಗಳು ಸಾಲಾಗಿ ನಡೆಯುತ್ತವೆ. ಹತ್ತಿರದಿಂದ ನೋಡಿದರೆ ಒಂದರ ಹಾಗೆ ಇನ್ನೊಂದಿಲ್ಲ. ಒಂದು ಹಿಂದೆ ತಿರುಗಿ ನೋಡುತ್ತದೆ, ಒಂದಕ್ಕೆ ಅವಸರ, ಒಂದು ಮುಂದಿನದರ ಬಾಲಕ್ಕೆ ಕೊಕ್ಕು ಹಾಕುತ್ತದೆ. ನಮ್ಮ ವ್ಯಾನಿನವರ ಹಾಗೆಯೇ.

ತೊಂದರೆ ಆದದ್ದು ನಮ್ಮ ಪ್ರವಾಸದಿಂದ. ಬಂದವರು ಶಾಲು ಕೊಳ್ಳುತ್ತಿದ್ದರು, ಮನೆ ನಡೆಯುತ್ತಿತ್ತು. ಆದರೆ ಪ್ರವಾಸಿಗಳಿಗೆ ನೇಯುವುದನ್ನು ನೋಡಬೇಕು. ಹಿಂದಿನ ಸಲ ನಾನು ಕಾಡಿ ಬೇಡಿ ಬಾಗಿಲಣ್ಣನನ್ನು ಹೊರಗಿನ ಕೋಣೆಯ ಮಗ್ಗದಲ್ಲಿ ಕೂರಿಸಿದ್ದೆ. ಅದು ಅವನ ಅಪ್ಪನ ಕಾಲದ್ದು. ಗುಂಪು ಒಳಗೆ ಬಂದದ್ದೇ ತಡ, ಕೈ ನಿಂತಿತು, ಕಣ್ಣೂ ನಿಂತಿತು. ಎಲ್ಲರೂ ಸುತ್ತಲೂ ನಿಂತು ಫೋಟೊ ತೆಗೆದುಕೊಂಡರು. ಹೊರಡುವಾಗ ಒಬ್ಬ ಹಿರಿಯರು ನನ್ನ ಭುಜ ತಟ್ಟಿ ಹೇಳಿದರು, “ಮಗ್ಗದ ಮುಂದೆ ಕೂರಿಸಿದ್ದೀರಲ್ಲ ಗೊಂಬೆ, ಬಹಳ ಚೆನ್ನಾಗಿದೆ. ಉಸಿರಾಡೋ ಹಾಗೇ ಇದೆ.”

ಇದು ಮೇಡಂ ಕಿವಿಗೆ ಬಿತ್ತು.

“ನೋಡು, ನಂಗೆ ಗೊಂಬೆ ಬೇಡ,” ಎಂದರು ಮೇಡಂ. “ಮುಂದಿನ ಗುಂಪು ಆತ ನೇಯೋದನ್ನ ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ಆ ಮನೆ ಬಿಟ್ಟು ಬೇರೆ ಮನೆ ನೋಡ್ತೀನಿ.”

ನಾನು ಎಂದಿನ ಧೈರ್ಯದಿಂದ “ಸರಿ ಮೇಡಂ” ಎಂದೆ.

ನಮ್ಮ ವ್ಯಾನು ನಿಂತರೆ ಬಾಗಿಲಣ್ಣನಿಗೆ ಉಳಿಯುವುದು ಊರಾಚೆಯ ವಿದ್ಯುತ್ ಮಗ್ಗದ ಕಾರ್ಖಾನೆಯೊಂದೇ. ಅಲ್ಲಿ ಸಾಲಾಗಿ ಮಗ್ಗ, ಸಾಲಾಗಿ ಜನ, ನಡುವೆ ಎತ್ತರದ ಕುರ್ಚಿಯಲ್ಲಿ ಮೇಸ್ತ್ರಿ. ಮೇಸ್ತ್ರಿಗೆ ಸಂಬಳ ಕೊಡುವುದೇ ನೋಡುವುದಕ್ಕೆ. ಮೇಡಂ ಮಾತನ್ನು ನಾನು ಹೇಳಿದಾಗ ಬಾಗಿಲಣ್ಣ ತನ್ನೆರಡು ಕೈಗಳನ್ನು ನೋಡಿಕೊಂಡ, ಬೇರೆಯವರ ಮನೆಗೆ ಕಳಿಸಬೇಕಾಗಿ ಬಂದ ಮಕ್ಕಳನ್ನು ನೋಡುವ ಹಾಗೆ. ಊಟಕ್ಕೂ ಏಳಲಿಲ್ಲ.

ಉಪಾಯ ಹೊಳೆದದ್ದು ಅತ್ತಿಗೆಗೆ. ಅವಳಿಗೊಬ್ಬ ತಮ್ಮನಿದ್ದಾನೆ. ಬೀದಿಯಲ್ಲಿ ಎಲ್ಲರೂ ಅವನನ್ನು ಹೀರೋ ಎನ್ನುತ್ತಾರೆ. ಮೊದಲು ಹಾಗೆಂದವನು ಅವನೇ. ಹಾಸಿಗೆ ಅಂಗಡಿಯಲ್ಲಿ ಕೆಲಸ. ಗಿರಾಕಿ ಬಂದರೆ ಹಾಸಿಗೆಯ ಮೇಲೆ ಮಲಗಿ, ಕಣ್ಣು ಮುಚ್ಚಿ, ನೆಮ್ಮದಿಯ ನಿಟ್ಟುಸಿರು ಬಿಟ್ಟು ತೋರಿಸಬೇಕು. ಜನ ನೋಡುತ್ತಿದ್ದಷ್ಟೂ ಅವನ ನಿದ್ದೆ ಗಾಢವಾಗುತ್ತದೆ.

“ನೀನು ಹೊರಗಿನ ಮಗ್ಗದಲ್ಲಿ ಕೂತು ಏನೂ ಮುಟ್ಟದೆ ಸುಮ್ನೆ ಕೈಕಾಲು ಆಡಿಸು,” ಎಂದಳು ಅತ್ತಿಗೆ. “ನಿಮ್ಮ ಭಾವ ಒಳಗೆ ಬಾಗಿಲು ಹಾಕ್ಕೊಂಡು ನೇಯ್ತಾರೆ. ಸದ್ದು ಅಲ್ಲಿಂದ ಬರತ್ತೆ.”

“ಅಕ್ಕಾ, ನಾನು ಕೈ ಹಾಕಿದ್ಮೇಲೆ ಮುಗೀತು. ಮಲಗಿಕೊಂಡು ನೇಯ್ಲಾ?”

“ಬಾಯಿ ಮುಚ್ಚಿಕೊಂಡು ನೇಯಿ.”

ಬಾಗಿಲಣ್ಣನಿಗೆ ಮನಸ್ಸು ಒಪ್ಪಲಿಲ್ಲ. “ಪಾಪ, ಅಷ್ಟು ದೂರದಿಂದ ಬರ್ತಾರೆ. ಮೋಸ ಅಲ್ವೇನೇ?”

“ಸದ್ದು ನಿಮ್ದು, ಶಾಲು ನಿಮ್ದು. ಮುಖ ಒಂದು ನನ್ನ ತಮ್ಮಂದು. ನಿಮ್ಮ ಮುಖ ಹೇಗೂ ಅವರಿಗೆ ಗೊಂಬೆ ತರ ಕಂಡಿತ್ತಲ್ಲ?”

ಗುಂಪು ಬಂದ ದಿನ ಬಿಸಿಲು ಚೆನ್ನಾಗಿ ಕಾದಿತ್ತು. ನಾನು ಎಡಗಡೆ ಕೈ ತೋರಿಸಿ ಎಲ್ಲರನ್ನೂ ಒಳಗೆ ಬಿಟ್ಟೆ. ಹೀರೋ ತಲೆಗೆ ಎಣ್ಣೆ ಹಚ್ಚಿ, ಕೊರಳಿಗೆ ಕೆಂಪು ವಸ್ತ್ರ ಸುತ್ತಿಕೊಂಡು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅತ್ತಿಗೆ ಒಳಕೋಣೆಯ ಬಾಗಿಲಿಗೆ ಬೆರಳಿನಿಂದ ಕುಟ್ಟಿದಳು. ಒಳಗಿನಿಂದ ಟಕ್-ಪಟಕ್, ಟಕ್-ಪಟಕ್ ಎಂದು ಹದವಾಗಿ ಸದ್ದು ಶುರುವಾಯಿತು. ಹೊರಗೆ ಹೀರೋನ ಕೈ ಆಡಿತು. ನೋಡಿದರೆ ನನಗೇ ನಂಬಿಕೆ ಬಂತು. ನನಗೆ ನಂಬಿಕೆ ಬರುವುದು ದೊಡ್ಡದೇನಲ್ಲ, ಕೊರಳಲ್ಲಿದ್ದ ಚೀಟಿಯನ್ನೂ ನಂಬಿದವನು ನಾನು.

ಕ್ಯಾಮೆರಾ ಅಂಕಲ್ ಎಂದು ನಾವು ಕರೆಯುತ್ತಿದ್ದ ಒಬ್ಬರು ಮೊಣಕಾಲೂರಿ ಫೋಟೊಕ್ಕೆ ಸಿದ್ಧರಾದರು. “ಸ್ವಲ್ಪ ಈ ಕಡೆ ನೋಡಿ,” ಎಂದರು. ಕ್ಯಾಮೆರಾ ಎಂದರೆ ಹೀರೋ ಅಕ್ಕನ ಮಾತನ್ನೂ ಮರೆಯುತ್ತಾನೆ. ಎರಡೂ ಕೈ ಬಿಟ್ಟು, ಕೂದಲು ಸರಿಮಾಡಿಕೊಂಡು, ಗಲ್ಲಕ್ಕೆ ಕೈಯಿಟ್ಟು ನಕ್ಕ.

ಟಕ್-ಪಟಕ್, ಟಕ್-ಪಟಕ್ ಎಂದು ಮಗ್ಗ ತನ್ನ ಪಾಡಿಗೆ ನೇಯುತ್ತಲೇ ಇತ್ತು.

ನಾನು ಕೆಮ್ಮಿದೆ. ಹೀರೋ ಗಾಬರಿಯಿಂದ ಮತ್ತೆ ಕೈಯಾಡಿಸತೊಡಗಿದ. ಅಷ್ಟರಲ್ಲಿ ಒಳಗೆ ಎಳೆ ಹರಿಯಿತೋ ಏನೋ, ಸದ್ದು ನಿಂತಿತು. ಇವನು ಈಗ ಅಪರಾಧ ತೊಳೆದುಕೊಳ್ಳುವ ಹಟದಲ್ಲಿ ಇನ್ನೂ ಜೋರಾಗಿ ಜಗ್ಗುತ್ತಿದ್ದಾನೆ, ಕಾಲು ತುಳಿಯುತ್ತಿದ್ದಾನೆ, ಬೆವರು ಒರೆಸಿಕೊಳ್ಳುತ್ತಿದ್ದಾನೆ. ಕೋಣೆಯಲ್ಲಿ ಒಂದು ಹನಿ ಸದ್ದಿಲ್ಲ. ಮಾತಿಲ್ಲದ ಹಳೇ ಸಿನಿಮಾ ನೋಡಿದ ಹಾಗಿತ್ತು.

ಗುಂಪಿನಲ್ಲಿ ನಿವೃತ್ತ ಡ್ಯಾನ್ಸ್ ಟೀಚರೊಬ್ಬರಿದ್ದರು. ಕೈಯಲ್ಲಿ ಊರುಗೋಲು, ಕಿವಿ ಮಾತ್ರ ಇನ್ನೂ ಕೆಲಸದಲ್ಲಿತ್ತು. “ಈ ಹುಡುಗನ ಕಾಲು ಒಂದು ತಾಳ, ಸದ್ದು ಇನ್ನೊಂದು ತಾಳ,” ಎಂದರು. ಅಷ್ಟರಲ್ಲಿ ಒಳಗೆ ಮತ್ತೆ ಟಕ್-ಪಟಕ್ ಶುರುವಾಯಿತು. ಟೀಚರ್ ಎದ್ದು, ಒಳಕೋಣೆಯ ಬಾಗಿಲಿನ ತನಕ ನಡೆದು, ಕಿವಿಯಾನಿಸಿ ನಿಂತರು. ತಾಳ ಹಾಕುವ ಹಾಗೆ ಬೆರಳಾಡಿಸಿದರು. ಆಮೇಲೆ ಅತ್ತಿಗೆಯ ಕಡೆ ತಿರುಗಿದರು.

“ನೇಯೋರು ಇಲ್ಲಿದ್ದಾರೆ. ಅಲ್ಲಿರೋದು ಯಾರಮ್ಮ?”

ನನ್ನ ಕಣ್ಣೆದುರು ಮೇಡಂ, ಕಾರ್ಖಾನೆಯ ಮೇಸ್ತ್ರಿ, ಹೊಸ ಕೆಲಸಕ್ಕೆ ನಾನು ಹಾಕಬೇಕಾದ ಅರ್ಜಿ ಒಟ್ಟಿಗೇ ಹಾದುಹೋದವು. ಏನಾದರೂ ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಅತ್ತಿಗೆ ನನಗಿಂತ ಬೇಗ ನಿಜ ಹೇಳಿಬಿಟ್ಟಳು.

“ಅವನು ನನ್ನ ತಮ್ಮ, ಹಾಸಿಗೆ ಅಂಗಡಿಯವನು. ನೇಯೋರು ನಮ್ಮ ಯಜಮಾನರು. ಯಾರಾದ್ರೂ ನೋಡ್ತಿದ್ರೆ ಅವರ ಕೈ ನಿಂತು ಹೋಗತ್ತೆ, ಅಮ್ಮಾ. ಏನು ಮಾಡಿದ್ರೂ ಆಗಲ್ಲ. ನೀವು ನೋಡ್ಲಿಲ್ಲ ಅಂದ್ರೆ ಈ ಮನೆಗೆ ಇನ್ನು ಯಾರನ್ನೂ ಕರ್ಕೊಂಡು ಬರಲ್ವಂತೆ. ಅವರು ಕಾರ್ಖಾನೆಗೆ ಹೋಗ್ಬೇಕಾಗತ್ತೆ.”

ಎಲ್ಲರೂ ಹೀರೋ ಕಡೆ ತಿರುಗಿದರು. ಅವನು, “ಹಾಸಿಗೆ ಬೇಕಾದ್ರೆ ಹೇಳಿ, ರಿಯಾಯಿತಿ ಇದೆ,” ಎಂದ.

ಟೀಚರ್ ನಕ್ಕುಬಿಟ್ಟರು. “ನಾನು ವೇದಿಕೆ ಹತ್ತೋ ಮುಂಚೆ ಪ್ರತೀ ಸಲ ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಅಳ್ತಿದ್ದೆ. ಚಿಲಕ ತೆಗಿಯೋಕೆ ನಮ್ಮಮ್ಮ ಬರ್ಬೇಕಿತ್ತು. ಇವರಿಗೆ ಗೊತ್ತಾಗದ ಹಾಗೆ ನೋಡೋಕಾಗಲ್ವಾ?”

ಅತ್ತಿಗೆಯ ಕಿವಿ ಕೆಂಪಾಯಿತು.

“ಹಿತ್ತಲ ಕಡೆ ಕಿಟಕಿ ಇದೆ,” ಎಂದಳು. “ಅವರು ಬೆನ್ನು ಹಾಕ್ಕೊಂಡು ಕೂರ್ತಾರೆ, ಬೆಳಕು ಹಿಂದಿನಿಂದ ಬೀಳ್ಲಿ ಅಂತ. ನಾನು ದಿನಾ ಒಗೆದ ಬಟ್ಟೆ ಹರವೋ ನೆಪದಲ್ಲಿ ಅಲ್ಲೇ ನಿಂತು ನೋಡ್ತೀನಿ.”

“ಕೇಳಿ ಗೊತ್ತು ಅಂತಿದ್ರಲ್ಲ ಅತ್ತಿಗೆ!” ಎಂದೆ ನಾನು.

“ನೀನು ಸಂಸ್ಕೃತಿ ಅಂತ ಎಡಗಡೆ ಕೈ ತೋರಿಸ್ತೀಯಲ್ಲ, ನಾನು ಯಾವತ್ತಾದ್ರೂ ಕೇಳಿದ್ದೀನಾ? ಸುಮ್ನಿರು.”

ಚಪ್ಪಲಿ ಬಿಟ್ಟು, ಕಳ್ಳರ ಹಾಗೆ ಹಿತ್ತಲಿಗೆ ಹೋದೆವು. ಬಕೆಟ್ಟು ದಾಟಿ, ಒಣಹಾಕಿದ ಬಟ್ಟೆಗಳ ಕೆಳಗೆ ನುಸುಳಿ, ಕಿಟಕಿಗೆ ಒಬ್ಬೊಬ್ಬರಾಗಿ ತಲೆ ಸೇರಿಸಿದೆವು. ಹೀರೋನೂ ಬಂದ, ಭಾವ ನೇಯುವುದನ್ನು ಅವನೂ ನೋಡಿರಲಿಲ್ಲ.

ಒಳಗೆ ಬನಿಯನ್ನಿನ ಬೆನ್ನೊಂದು ಹಿಂದೆ ಮುಂದೆ ತೂಗುತ್ತಿತ್ತು. ಬಲಗೈ ಹಗ್ಗ ಎಳೆದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಸರ್ರನೆ ಹೋಗುವುದು, ಎಡಗೈ ಎಳೆ ಒತ್ತುವ ಹಲಗೆಯನ್ನು ಹತ್ತಿರಕ್ಕೆ ಬಡಿಯುವುದು, ಕಾಲು ಅದಲುಬದಲಾಗುವುದು. ಆಗಾಗ ನಿಲ್ಲಿಸಿ, ಬೆರಳಿನಿಂದ ಎಳೆಗಳನ್ನು ಎತ್ತಿ, ಬಾತುಕೋಳಿಗೆ ಒಂದು ಕೊಕ್ಕು ಕೂರಿಸುತ್ತಿದ್ದ. ಕೂರಿಸಿ ಅದರ ಜೊತೆ ಏನೋ ಮಾತಾಡುತ್ತಿದ್ದ. “ನಡಿಯೋ, ಹಿಂದೆ ಬರೋರಿಗೆ ದಾರಿ ಬಿಡು,” ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ದಿನಾ ವ್ಯಾನಿನ ಬಾಗಿಲಲ್ಲಿ ಹೇಳುವ ಮಾತೇ. ನನ್ನ ಮಾತು ಮಾತ್ರ ಯಾರೂ ಕೇಳುವುದಿಲ್ಲ.

ಕ್ಯಾಮೆರಾ ಅಂಕಲ್ ಕ್ಯಾಮೆರಾ ಎತ್ತಿದರು. ಟೀಚರ್ ತಿರುಗಿ ನೋಡದೆಯೇ ಅಂಗೈಯಿಂದ ಲೆನ್ಸು ಮುಚ್ಚಿದರು.

ಆದರೆ ಒಂದು ವಿಷಯ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅತ್ತಿಗೆ ಒಬ್ಬಳೇ ನಿಂತರೆ ಬೆಳಕಿಗೆ ಅಡ್ಡವಿಲ್ಲ. ಇಷ್ಟು ತಲೆಗಳು ಒಟ್ಟಿಗೆ ಸೇರಿದಾಗ ಕಿಟಕಿ ತುಂಬಿತು, ಮಗ್ಗದ ಮೇಲೆ ಕತ್ತಲು ಬಿತ್ತು. ಲಾಳಿ ನಿಂತಿತು. ಬೆನ್ನು ಕಲ್ಲಾಯಿತು. ಕೈ ಗಾಳಿಯಲ್ಲಿ ಹಾಗೇ ಉಳಿಯಿತು. ನಾವು ಉಸಿರು ಹಿಡಿದೆವು. ಈಗ ಹಿಂದಿನ ಸಲದ ಆ ಹಿರಿಯರು ಬಂದಿದ್ದರೆ ಹನ್ನೆರಡು ಗೊಂಬೆ ಕಾಣುತ್ತಿದ್ದವು.

ತಲೆ ತಿರುಗಿಸದೆ ಬಾಗಿಲಣ್ಣ ಕೇಳಿದ: “ಮೋಡ ಬಂತೇನೇ?”

ಅತ್ತಿಗೆ ನಮ್ಮ ನಡುವಿನಿಂದಲೇ ಕೂಗಿದಳು. “ಹ್ಞೂಂ ರೀ. ದೊಡ್ಡ ಮೋಡ.”

“ಬಟ್ಟೆ ತೆಕ್ಕೋ ಮತ್ತೆ.”

“ಮಳೆ ಬರೋ ಮೋಡ ಅಲ್ಲ. ಸುಮ್ನೆ ನಿಂತಿದೆ. ನೀವು ನೇಯ್ರಿ.”

ಅತ್ತಿಗೆ ನನ್ನ ಮುಂಗೈ ಹಿಡಿದಿದ್ದಳು, ಉಗುರು ನೆಟ್ಟಿತ್ತು. ಕೊನೆಗೆ ಬಾಗಿಲಣ್ಣನ ಕೈ ಮೆಲ್ಲಗೆ ಕೆಳಗಿಳಿದು ಹಗ್ಗ ಹುಡುಕಿತು. ಟಕ್. ಸ್ವಲ್ಪ ತಡೆದು, ಪಟಕ್. ಮತ್ತೆ ಟಕ್-ಪಟಕ್, ಟಕ್-ಪಟಕ್.

ಮೇಡಂಗೆ ಟೀಚರೇ ಫೋನು ಮಾಡಿ, ಕಣ್ಣಾರೆ ನೋಡಿದೆವು, ಈ ಮನೆ ಬಿಟ್ಟರೆ ನಾನೂ ಬರುವುದಿಲ್ಲ ಎಂದು ಹೇಳಿದರು. ಮನೆ ಉಳಿಯಿತು. ಹೀರೋ ಹಾಸಿಗೆಗೆ ಮರಳಿದ. ಈಗ ಪ್ರತಿ ಗುಂಪನ್ನೂ ನಾನು ನೇರವಾಗಿ ಹಿತ್ತಲಿಗೇ ಕರೆದೊಯ್ಯುತ್ತೇನೆ. ಬಾಗಿಲಣ್ಣ ಒಳಗಿನಿಂದ ಮೋಡ ಬಂತೇ ಎಂದು ಕೇಳುತ್ತಾನೆ, ಅತ್ತಿಗೆ ಹೌದೆನ್ನುತ್ತಾಳೆ, ಮಗ್ಗ ನಡೆಯುತ್ತದೆ. ಬೇಸಿಗೆಯ ಸುಡುಬಿಸಿಲಿನಲ್ಲೂ ಅವನು ಇದನ್ನು ಒಂದು ದಿನವೂ ಪ್ರಶ್ನಿಸಿಲ್ಲ. ಎಷ್ಟು ಮುಗ್ಧ ಮನುಷ್ಯ ಎಂದು ನಾನು ಅಂದುಕೊಂಡಿದ್ದೆ. ಇನ್ನೊಬ್ಬರ ಮುಗ್ಧತೆ ಅಳೆಯುವುದರಲ್ಲಿ ನನ್ನದು ಎತ್ತಿದ ಕೈ.

ಮೊನ್ನೆ ಗುಂಪು ಬರುವುದಕ್ಕೆ ಸ್ವಲ್ಪ ಮುಂಚೆ ಒಬ್ಬನೇ ಹೋದೆ. ಅತ್ತಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಗಂಡನ ನೀಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನೇಯುವಾಗ ಬನಿಯನ್ನು ಬಿಟ್ಟು ಬೇರೇನೂ ತೊಡದವನ ಅಂಗಿ.

“ಅಣ್ಣ ಎಲ್ಲಿಗಾದ್ರೂ ಹೊರಟಿದ್ದಾರಾ?” ಎಂದೆ.

“ಎಲ್ಲಿಗೂ ಇಲ್ಲ. ಮಗ್ಗಕ್ಕೆ ಕೂರ್ತಾರೆ.” ಅತ್ತಿಗೆ ತೋಳು, ಎದೆ ಯಾವುದನ್ನೂ ಮುಟ್ಟದೆ ಅಂಗಿಯ ಬೆನ್ನನ್ನಷ್ಟೇ ಒತ್ತಿ ಒತ್ತಿ ತೀಡುತ್ತಿದ್ದಳು. “ಬೆನ್ನು ಕಡೆ ಮಾತ್ರ ನೀಟಾಗಿ ಮಾಡು ಅಂದಿದ್ದಾರೆ. ಇವತ್ತು ಮೋಡ ಬರತ್ತಂತೆ.”