ಎಡವುವ ಮೆಟ್ಟಿಲು

ಸಿನಿಮಾ ಸ್ಟುಡಿಯೋದ ಬಡಗಿಗಳು ಅವನನ್ನು ಕರೆಯುತ್ತಿದ್ದದ್ದೇ ರಸಮಟ್ಟ ಎಂದು. ಹಲಗೆ ಸಮವಾಗಿ ಕೂತಿದೆಯೇ ಎಂದು ನೋಡಲು ಇಡುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಪಟ್ಟಿ, ಅದರ ಹೆಸರು ಅದು. ಇವತ್ತು ಕಟ್ಟಿ ನಾಳಿದ್ದು ಒಡೆದು ಹಾಕುವ ಸೆಟ್ಟಿನ ಬಾಗಿಲನ್ನೂ ಅವನು ಮೊಮ್ಮಕ್ಕಳ ಕಾಲದವರೆಗೆ ಬಾಳಬೇಕೇನೋ ಎನ್ನುವಂತೆ ಕೂರಿಸುತ್ತಿದ್ದ. ನಾಲ್ಕು ಜನ ತಮಾಷೆ ಮಾಡಿದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಂಥ ಮನುಷ್ಯ ಹೆಸರು ಮಾಡಿದ್ದು ಮಾತ್ರ ಒಂದು ಸೊಟ್ಟ ಕೆಲಸದಿಂದ.

ಆಗ ಅವನ ಮಗಳು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ಥ್ರಿಲ್ಲರ್ ಸಿನಿಮಾ ಒಂದಕ್ಕೆ ಹಳೇ ಮನೆಯ ಮರದ ಮೆಟ್ಟಿಲು ಬೇಕಾಗಿತ್ತು. ಸಂಜೆ ಹೊತ್ತಿಗೆ ಹಲಗೆ ಸಾಲದೆ ಬಂತು. ಮೇಲಿನಿಂದ ಏಳನೇ ಮೆಟ್ಟಿಲಿಗೆ ಕೈಗೆ ಸಿಕ್ಕ ದಪ್ಪ ಹಲಗೆಯನ್ನೇ ಹೊಡೆದು, ಬೆಳಗ್ಗೆ ಬಂದು ಬದಲಾಯಿಸಿದರಾಯಿತು ಎಂದು ಮನೆಗೆ ಹೋದ. ಬೆಳಗ್ಗೆ ಬರುವಷ್ಟರಲ್ಲಿ ಕ್ಯಾಮೆರಾ ಓಡುತ್ತಿತ್ತು. ಕೊಲೆಗಾರನಿಂದ ತಪ್ಪಿಸಿಕೊಂಡು ಇಳಿಯುತ್ತಿದ್ದ ನಾಯಕಿ ಆ ಒಂದು ಬೆರಳಿನಷ್ಟು ಏರಿಗೆ ಎಡವಿದಳು. ಹಿಡಿದಿದ್ದ ಕಂಬಿಗೆ ಜೋತುಬಿದ್ದು, ಕಾಲ ಕೆಳಗೆ ನೋಡಿ, ಗಕ್ಕನೆ ಹಿಂದೆ ತಿರುಗಿದಳು. ಆ ಮುಖದಲ್ಲಿ ನಟನೆ ಎಳ್ಳಷ್ಟೂ ಇರಲಿಲ್ಲ. ಇವತ್ತಿಗೆ ಕೆಲಸ ಹೋಯಿತು ಅಂದುಕೊಂಡ ರಸಮಟ್ಟ. ನಿರ್ದೇಶಕರು ಬಂದವರೇ ಅವನನ್ನು ಅಪ್ಪಿಕೊಂಡರು.

ಟಾಕೀಸಿನಲ್ಲಿ ಆ ದೃಶ್ಯ ಬಂದಾಗ ಸಾವಿರ ಜನ ಉಸಿರು ಬಿಗಿಹಿಡಿದು ಕೂತರು. ಪಕ್ಕದಲ್ಲಿದ್ದ ಮಗಳು ಅವನ ತೋಳಿಗೆ ಉಗುರು ಊರಿದ್ದಳು. ಅವನಿಗೆ ಅಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಸಿನಿಮಾ ಗೆದ್ದ ಮೇಲೆ ಎರಡನೇ ಭಾಗ ಬರದೆ ಇರುತ್ತದೆಯೇ? ಮೊದಲಿನ ನಿರ್ದೇಶಕರು ಹೊಸ ಕಥೆ ಹಿಡಿದು ಬಂದರು. ನಿರ್ಮಾಪಕರು, ಜನಕ್ಕೆ ಹಿಡಿಸಿದ್ದನ್ನು ಬಿಟ್ಟು ಇದೆಲ್ಲ ಯಾಕೆ, ಅದನ್ನೇ ಇನ್ನೊಂದು ಸಲ ಕೊಡಿ ಎಂದರು. ನಿರ್ದೇಶಕರು ಕೈಮುಗಿದು ಹೊರಟುಹೋದರು. ಅವರ ಸಹಾಯಕ ಆ ಕುರ್ಚಿಯಲ್ಲಿ ಕೂತ. ಮತ್ತೆ ಮರದ ಮೆಟ್ಟಿಲು, ಮತ್ತೆ ಏಳನೆಯದೇ ದಪ್ಪ. ಈ ಸಲ ತಪ್ಪನ್ನು ಅಳತೆ ಹಿಡಿದು ಮಾಡಬೇಕಾಯಿತು. ನಾಯಕಿ ಎಡವುವುದನ್ನು ಅಭ್ಯಾಸ ಮಾಡಿದಳು. ಟಾಕೀಸಿನಲ್ಲಿ ಅವಳು ಇನ್ನೂ ಅರ್ಧ ಇಳಿದಿರುವಾಗಲೇ ಜನ ಸಿಳ್ಳೆ ಹೊಡೆದರು. ಮೂರನೇ ಭಾಗದಲ್ಲಂತೂ ಮೆಟ್ಟಿಲನ್ನು ಒಕ್ಕೊರಲಿನಿಂದ ಎಣಿಸಿದರು. ಹೆದರಲೆಂದು ಟಿಕೆಟ್ ಕೊಂಡವರು ನೆಂಟರ ಮನೆಗೆ ಬಂದಷ್ಟು ಹಾಯಾಗಿ ಕಾಲು ಚಾಚಿ ಕೂತಿದ್ದರು. ಎಲ್ಲಿ ಎಡವುತ್ತಾಳೆಂದು ಊರಿಗೆಲ್ಲ ಗೊತ್ತಾದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ರಸಮಟ್ಟ ಅಷ್ಟು ಜನರ ನಗುವಿನ ಮಧ್ಯೆ ತಲೆ ತಗ್ಗಿಸಿ ಕೂತ. ತನ್ನ ಕೈಯಿಂದ ಆದ ಒಂದೇ ಒಂದು ನಿಜವಾದ ಸಂಗತಿಯನ್ನು ತನ್ನ ಕೈಯಿಂದಲೇ ಹಾಳು ಮಾಡಿಸಿದರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ನಾಲ್ಕನೇ ಭಾಗ ಶುರುವಾಗುವ ಹೊತ್ತಿಗೆ ನಾಯಕಿಗೆ ಮಂಡಿನೋವು. ಅವಳ ಬದಲಿಗೆ ಓಡಲು ಡ್ಯೂಪ್ ಬೇಕು. ರಸಮಟ್ಟನ ಮಗಳು ಅಷ್ಟರಲ್ಲಿ ಸ್ಟಂಟ್ ಮಾಸ್ಟರರ ಕೈಕೆಳಗೆ ಪಳಗಿ, ಗುಂಪಿನಲ್ಲಿ ಬೀಳುವ ಏಳುವ ಚಿಲ್ಲರೆ ಕೆಲಸ ಮಾಡಿಕೊಂಡಿದ್ದಳು. ಅಪ್ಪ ಹೋಗಿ ಮಾತಾಡಿದ. ಕೆಲಸ ಸಿಕ್ಕಿತು. ಇದೊಂದು ಕೈಹಿಡಿದರೆ ಮುಂದೆ ಕರೆಗಳು ತಾವಾಗಿ ಬರುತ್ತವೆ, ಕೈಕೊಟ್ಟರೆ ಮತ್ತೆ ಗುಂಪೇ ಗತಿ ಎಂದು ಮಾಸ್ಟರು ಮೊದಲೇ ಹೇಳಿದ್ದರು.

ಅವಳು ಇಡೀ ದಿನ ಎಡವಿದಳು. ಪ್ರತಿ ಸಲವೂ ಚೆನ್ನಾಗಿಯೇ ಎಡವಿದಳು, ಅದೇ ತೊಂದರೆಯಾಗಿತ್ತು. ಸಂಜೆ ನಿರ್ದೇಶಕ ಎಲ್ಲರ ಎದುರಿಗೇ ಹೇಳಿದ:

"ಏಳನೆಯದು ಬರುತ್ತೆ ಅಂತ ನಿನ್ನ ಕಾಲಿಗೆ ಮುಂಚೇನೇ ಗೊತ್ತು, ಅದು ಕಾಣುತ್ತೆ. ನನಗೆ ಮೊದಲನೇ ಭಾಗದ ಹಾಗೆ ಬೇಕು. ಬೆಳಗ್ಗೆ ಒಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆ ಹುಡುಗೀನ ಕರೆಸ್ತೀನಿ."

ಮನೆಯಲ್ಲಿ ಮಗಳು ತಟ್ಟೆ ಮುಂದೆ ಕೂತು ಎದ್ದಳು, ಒಂದು ತುತ್ತೂ ಇಳಿಯಲಿಲ್ಲ. ಆಮೇಲೆ ನಡುಮನೆಯ ನೆಲದ ಮೇಲೆ ಎಣಿಸಿಕೊಂಡು ಓಡಾಡತೊಡಗಿದಳು. ಎಣಿಸಿದಷ್ಟೂ ಇವಳು ಕೆಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿದರೆ ಅದೂ ಇನ್ನೊಂದು ಪಾಠವೇ ಆಗುತ್ತಿತ್ತು.

ಬೆಳಗ್ಗೆ ಲೈಟಿನವರು ಬರುವ ಮೊದಲೇ ಹೋಗಿ ಏಳನೇ ಮೆಟ್ಟಿಲನ್ನು ಸಮ ಮಾಡಿ, ಆ ದಪ್ಪ ಹಲಗೆಯನ್ನು ಐದಕ್ಕೆ ಕೂರಿಸಿ ಬಣ್ಣ ಬಳಿದ. ಏನಾದೀತು, ಒಂದು ಬೆರಳಿನಷ್ಟು ಎತ್ತರ ತಾನೇ ಎಂದು ತನಗೆ ತಾನೇ ಹೇಳಿಕೊಂಡ. ನಾಯಕಿ ಅವತ್ತು ಬಿದ್ದಿರಲಿಲ್ಲ. ಇವಳೋ ಪಳಗಿದವಳು. ಕೆಳಗೆ ಹಾಸಿಗೆ ಬೇರೆ ಇದೆ.

ಅವತ್ತು ನಾಯಕಿ ಹೊಸ ಮೆಟ್ಟಿಲೆಂದು ಹೆದರಿ ಕಂಬಿ ಹಿಡಿದು ಇಳಿದಿದ್ದಳು. ಮಗಳಿಗೆ ಆ ಮೆಟ್ಟಿಲು ಕಣ್ಣುಮುಚ್ಚಿದರೂ ಬರುತ್ತಿತ್ತು. ಎರಡೂ ಕೈ ಬಿಟ್ಟು, ಆದಷ್ಟು ಜೋರಾಗಿ ಓಡಿ ಬಂದಳು. ಐದರಲ್ಲಿ ಕಾಲು ಸಿಕ್ಕಿತು. ಹಾಸಿಗೆಯವರೆಗೂ ಅವಳು ಹೋಗಲಿಲ್ಲ. ಕಂಬಿಗಳ ನಡುವೆ ಮಂಡಿ ತಿರುಚಿಕೊಂಡ ಸದ್ದು ಎಲ್ಲರಿಗೂ ಕೇಳಿಸಿತು. ಬೀಳುವಾಗ ಅವಳು ಹಿಂದೆ ತಿರುಗಿ ನೋಡಿದ್ದಳು. ಹದಿಮೂರು ವರ್ಷದ ಮೇಲೆ ನಾಯಕಿಯ ಆ ನೋಟ ಮತ್ತೆ ಬಂದಿತ್ತು, ಈ ಸಲ ಅವನ ಮಗಳ ಮುಖದಲ್ಲಿ.

ಅವಳನ್ನು ಎತ್ತಿಕೊಂಡು ಹೋದರು. ನಿರ್ದೇಶಕ ಪಾಪ ಎಂದ, ಆಸ್ಪತ್ರೆ ಖರ್ಚು ನಮ್ಮದೇ ಎಂದ. ಆಮೇಲೆ ತೆಗೆದದ್ದನ್ನು ಪರದೆಯ ಮೇಲೆ ಇನ್ನೊಮ್ಮೆ ಓಡಿಸಿ ನೋಡಿದ.

"ಐದರಲ್ಲೇ ಎಡವಿಬಿಟ್ಟಿದ್ದಾಳೆ, ಲೆಕ್ಕ ತಪ್ಪಿದೆ. ಇದು ನಡೆಯಲ್ಲ. ಜನ ಏಳನೆಯದಕ್ಕೆ ಕಾಯ್ತಿರ್ತಾರೆ."

ಕೊನೆಗೆ, ಮೊದಲನೇ ಭಾಗದ ಆ ತುಣುಕನ್ನೇ ತಂದು ಸೇರಿಸಿಬಿಡೋಣ, ಬಟ್ಟೆಯ ಬಣ್ಣ ಕಂಪ್ಯೂಟರಿನಲ್ಲಿ ಬದಲಾಯಿಸಿದರಾಯಿತು ಎಂದು ತೀರ್ಮಾನವಾಯಿತು.

ಮಗಳ ಹಿಂದೆ ಓಡಬೇಕಾಗಿದ್ದ ಅಪ್ಪ ಅಷ್ಟು ಹೊತ್ತೂ ಅಲ್ಲೇ ಇದ್ದ. ಎಲ್ಲರೂ ತಿಂಡಿಗೆ ಹೋದ ಮೇಲೆ ಸುತ್ತಿಗೆ ಹಿಡಿದು ಕೂತು ಐದರ ದಪ್ಪ ಹಲಗೆಯನ್ನು ಕಿತ್ತು ಮತ್ತೆ ಏಳಕ್ಕೆ ಹಾಕಿ, ಐದನ್ನು ಸಮ ಮಾಡಿದ. ಬಾಗಿಲಲ್ಲಿ ಹಾದುಹೋದವರೊಬ್ಬರು, ಇಂಥ ಹೊತ್ತಿನಲ್ಲೂ ಕೆಲಸ ಬಿಡದವನೆಂದು ಹೊಗಳಿದರು. ಹಲಗೆ ಸರಿಯಾಗಿಯೇ ಕೂತಿತು.

ಆಸ್ಪತ್ರೆಯಲ್ಲಿ ಹೆಂಡತಿ ಮಂಚದ ಕಾಲ ಹತ್ತಿರ ಕೂತಿದ್ದಳು. ನಡೆಯಲು ಅಡ್ಡಿಯಿಲ್ಲ, ಓಡುವುದು ಹಾರುವುದು ಇನ್ನು ಈ ಜನ್ಮಕ್ಕಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಮಗಳು ಅಪ್ಪನನ್ನು ಕಂಡು ಅಳು ನುಂಗಿಕೊಂಡಳು.

"ಅಪ್ಪಾ, ನಾನು ಎಣಿಸ್ಕೊಂಡೇ ಬಂದೆ. ಐದೇ ಆಗಿತ್ತು. ಮೆಟ್ಟಿಲಲ್ಲಿ ಏನಾದ್ರೂ ಆಗಿತ್ತಾ?"

ಹೇಳಿಬಿಡಬೇಕು ಅಂದುಕೊಂಡೇ ಅವನು ಮೆಟ್ಟಿಲು ಹತ್ತಿ ಬಂದಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಹೆಂಡತಿ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು.

"ಇಲ್ಲಮ್ಮ," ಎಂದ. "ನಾನೇ ಹೋಗಿ ನೋಡ್ದೆ. ದಪ್ಪ ಹಲಗೆ ಏಳರಲ್ಲೇ ಇದೆ."

ಅಪ್ಪ ನೋಡಿ ಬಂದೆ ಅಂದ ಮೇಲೆ ಅವಳು ಇನ್ನೊಂದು ಮಾತು ಕೇಳಲಿಲ್ಲ. ಹಾಗಾದರೆ ತಪ್ಪು ತನ್ನದೇ ಎಂದಳು. ನೀನು ಹೇಳಿ ಕೊಡಿಸಿದ ಕೆಲಸ, ನಿನ್ನ ಮಾನ ಕಳೆದುಬಿಟ್ಟೆ ಎಂದು ಅವನ ಕೈಯನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು, ಕ್ಷಮಿಸು ಎಂದಳು.

"ಇರ್ಲಿ ಬಿಡಮ್ಮ," ಎಂದು ಅವನು ಅವಳನ್ನು ಕ್ಷಮಿಸಿದ.