ಸಿಸಿಲಿಯಾಳ ಮಲ್ಲಿಗೆ ಬೆರಳು

ಸಿಸಿಲಿಯಾ ಟೈಪಿಂಗ್ ಕಲಿತದ್ದು ಬನ್ನಂಜೆಯ ಟೈಪ್‌ರೈಟರ್ ಶಾಲೆಯಲ್ಲಿ. ಅಲ್ಲಿನ ರೊಸಾರಿಯೊ ಮಾಸ್ಟ್ರ ಪಾಠ ಒಂದೇ: ನಾಲ್ಕು ಕಾರ್ಬನ್ ಪ್ರತಿಯಲ್ಲೂ ಅಕ್ಷರ ಮೂಡಬೇಕು, ಗುದ್ದು! ಇವಳು ಗುದ್ದಿ ಗುದ್ದಿ ಫಸ್ಟ್ ಕ್ಲಾಸ್ ಬಂದಳು. ೧೯೮೭ರಲ್ಲಿ ಮಣಿಪಾಲದ ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರುವ ಭಾಗ್ಯವೂ ಅವಳದ್ದೇ. ಎಸಿ ಕೋಣೆ, ಚಪ್ಪಲಿ ಹೊರಗೆ. ನಮ್ಮ ದೇವರ ಕೋಣೆಗೂ ಇಲ್ಲದ ಮಡಿ! ಪಕ್ಕದ ಮೇಜಿನ ನನಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ವರ್ಷ ತುಂಬುವುದರೊಳಗೆ ಅವಳ ಬಲಗೈ ಸೋತಿತು. ಮಣಿಕಟ್ಟು ನೋವು, ಬೆರಳಿಗೆ ಜೋಮು. ಚಹಾದ ಲೋಟ ಎತ್ತಲಾರಳು. ಡಾಕ್ಟರ ಪಟ್ಟಿ, ಅಜ್ಜಿಯ ತೈಲ ಎಲ್ಲ ಆಯಿತು. ರಜೆಯಲ್ಲಿ ಇಳಿದ ನೋವು ಆಫೀಸಿಗೆ ಬಂದೊಡನೆ ಏರುತ್ತಿತ್ತು.

"ಮಾರ್ಚ್ ಒಳಗೆ ಗುಣ ಆಗದಿದ್ದರೆ ನಿಮ್ಮನ್ನು ಟಪಾಲು ವಿಭಾಗಕ್ಕೆ ಹಾಕಬೇಕಾಗ್ತದೆ" ಎಂದರು ಮ್ಯಾನೇಜರ್ ಹಯಗ್ರೀವ ರಾಯರು. ಸಿಸಿಲಿಯಾ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಹೊಟ್ಟೆಕಿಚ್ಚೆಲ್ಲ ಇಳಿದುಹೋಯಿತು.

ಆ ಭಾನುವಾರ, ಹಿತ್ತಲು ಹಿತ್ತಲಲ್ಲೂ ಮಲ್ಲಿಗೆ ಬೆಳೆಯುವ ಶಂಕರಪುರದ ಅವಳ ಮನೆಗೆ ಹೋದೆ. ತಾಯಿ ತೆರೆಸಾ ಬಾಯಿ ಜಗಲಿಯಲ್ಲಿ ಕೂತು, ಕಟಪಾಡಿಯ ಹೂವಿನ ಕಟ್ಟೆಗೆ ಮಾರಲು ಕಳಿಸಬೇಕಾದ ಮಲ್ಲಿಗೆ ಕಟ್ಟುತ್ತಿದ್ದರು. ನಾನೂ ಬಾಳೆನಾರು ಹಿಡಿದೆ.

"ಮಾರಾಯ್ತಿ ನರ್ಮದಾ, ಮೊಗ್ಗು ಕೊಲ್ಬೇಡ!" ಸಿಸಿಲಿಯಾ ಕಿರುಚಿದಳು. "ಹಿಚುಕಿದರೆ ಕಪ್ಪಾಗ್ತದೆ. ಮುಟ್ಟಿದ ಹಾಗೆ ಮಾಡಿದರೆ ಸಾಕು, ನೋಡು." ಪಟ್ಟಿ ಕಟ್ಟಿದ ಕೈಯಲ್ಲೇ ಚಕಚಕನೆ ಒಂದು ಗೇಣು ಕಟ್ಟಿದಳು.

"ನೋವಿಲ್ವಾ?"

"ಇದಕ್ಕೆಂತ ನೋವು?"

"ಮತ್ತೆ ಕೀಬೋರ್ಡನ್ನು ಯಾಕೆ ತೆಂಗಿನಕಾಯಿ ಒಡೆದ ಹಾಗೆ ಕುಟ್ತೀ? ಅದರೊಳಗೆ ಕಾರ್ಬನ್ ಉಂಟಾ?"

ಅವಳು ಜಗಲಿಯ ನೆಲಕ್ಕೆ ಬೆರಳಿನಿಂದ ಒಮ್ಮೆ ಗುದ್ದಿ, ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿದಳು. ಆಮೇಲೆ ನಕ್ಕೆವು, ಹೊಟ್ಟೆ ಹುಣ್ಣಾಗುವಷ್ಟು. "ಇವರಿಗೆ ಎಂತ ಆಯ್ತು!" ಎಂದು ತೆರೆಸಾ ಬಾಯಿ ಹೂವಿನ ಬುಟ್ಟಿಯನ್ನು ದೂರ ಸರಿಸಿದರು.

ಸೋಮವಾರ ಕುರ್ಚಿಗೆ ದಿಂಬು ಹಾಕಿ ಎತ್ತರ ಕೂತು, ಸಿಸಿಲಿಯಾ ಕೀಗಳನ್ನು ಮೆಲ್ಲಗೆ ಮುಟ್ಟತೊಡಗಿದಳು. ಮರೆತು ಗುದ್ದಿದಾಗಲೆಲ್ಲ ನಾನು "ಮೊಗ್ಗು!" ಎಂದು ಕೂಗುತ್ತಿದ್ದೆ. ಕೀಬೋರ್ಡಿನ ಸದ್ದಡಗಿದ್ದಕ್ಕೆ ಗಾಬರಿಯಾಗಿ ರಾಯರು ಚಪ್ಪಲಿ ಹಾಕಿಕೊಂಡೇ ಒಳಗೆ ಓಡಿಬಂದರು.

"ಎಂತ, ಮಿಷನ್ ಹಾಳಾಯ್ತಾ?"

ನಾನು ನಗು ತಡೆಯಲಾರದೆ ಹೊರಗೋಡಿದೆ.

ಹಿತ್ತಲ ಗಿಡ ಮದ್ದಲ್ಲ ಎಂದವರು ಶಂಕರಪುರ ನೋಡಿಲ್ಲ. ನೋವು ಒಂದೇ ದಿನ ಹೋಗಲಿಲ್ಲ, ನಿಧಾನವಾಗಿ ಇಳಿಯಿತು. ಮಾರ್ಚ್ ಕೊನೆಯ ದಿನ ಸಿಸಿಲಿಯಾ ಅಂಚಿನವರೆಗೆ ತುಂಬಿದ ಚಹಾದ ಲೋಟವನ್ನು ಬಲಗೈಯಲ್ಲಿ ಎತ್ತಿ ತಂದು ರಾಯರ ಮೇಜಿನ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ನನ್ನ ಕಣ್ಣು ತುಂಬಿತು. ರಾಯರು ಲೋಟ ನೋಡಿದರು, ಅವಳ ಕೈ ನೋಡಿದರು, ಚಹಾ ಕುಡಿದರು. ಟಪಾಲಿನ ಮಾತೆತ್ತಲಿಲ್ಲ.